ಕೆಂಪು ಮೊದಲು ಮಾಸಿತು

"ನನ್ನ ಫೈಲ್ ಮುಟ್ಟಿದ್ದು ಯಾರು?"

ಅವಳ ದನಿ ಕೇಳಿದ್ದೇ ತಡ, ಪಕ್ಕದ ಕೋಣೆಯ ಹೊಲಿಗೆ ಯಂತ್ರಗಳೂ ತಣ್ಣಗಾದವು. ಟೈಲರ್‌ಗಳು ಅವಳಿಗೆ ಹೆಡ್‌ಮಿಸ್ ಎಂದು ಅಡ್ಡಹೆಸರು ಇಟ್ಟಿದ್ದು ಸುಮ್ಮನಲ್ಲ.

ಕಂಪ್ಯೂಟರ್ ಪರದೆಯ ಬಲಬದಿಯಲ್ಲಿ ಬಣ್ಣದ ಪುಟ್ಟ ಚೌಕಗಳು. ಈ ಸೀಸನ್ನಿನ ಉಡುಪುಗಳಿಗೆಂದು ಅವಳೇ ಆರಿಸಿ, ಕೋಡ್ ಕೊಟ್ಟು ಜೋಡಿಸಿದ್ದ ಸ್ವಾಚ್‌ಗಳು. ಈಗ ಕೋಡ್‌ಗಳ ಮುಂದೆ 'ಒದ್ದೆ ಇಟ್ಟಿಗೆ', 'ಬಾವಿಯ ಪಾಚಿ', 'ಸಿಟ್ಟು ಬಂದ ಮೂಗು' ಎಂಬ ಹೆಸರುಗಳು ಕೂತಿದ್ದವು.

"ನಾನೇ," ಎಂದು ಹೊಸದಾಗಿ ಸೇರಿದ್ದ ಡಿಸೈನರ್ ಎದ್ದು ನಿಂತ. "ಹೆಸರಿದ್ರೆ ನನಗೆ ಅನುಕೂಲ."

"ಬಣ್ಣ ಹಾಕೋರಿಗೆ ಕೋಡ್ ಕಳಿಸ್ಬೇಕು, ಕವಿತೆ ಅಲ್ಲ. ಸಿಟ್ಟು ಬಂದ ಮೂಗು ಅಂದ್ರೆ ಯಾವ ಬಣ್ಣ?"

ಅವನು ಅವಳ ಮುಖ ನೋಡಿ ನಗು ನುಂಗಿಕೊಂಡ. ಅವಳ ಕೈ ತಾನಾಗಿ ಮೂಗಿನ ಮೇಲೆ ಹೋಯಿತು. ಒಳಗೆಲ್ಲೋ ಅವಳಿಗೂ ನಗು ಬಂತು...

ಹೆಸರುಗಳು ಹಾಗೇ ಉಳಿದವು.

ದಿನಾ ಅವನು ಅವಳ ಮೇಜಿನ ಹತ್ತಿರ ಬರುತ್ತಿದ್ದ. "ಈ ಎರಡ್ರಲ್ಲಿ ಯಾವುದು ಗಾಢ? ಇದು ಹೇಗಿದೆ, ಸ್ವಲ್ಪ ಬಿಡಿಸಿ ಹೇಳಿ." ಅವಳು ಹೇಳುವಾಗ ಕಣ್ಣು ಮುಚ್ಚಿ ಕೇಳುತ್ತಿದ್ದ. ತನ್ನ ಮಾತನ್ನು ಇಷ್ಟು ಆಸೆಯಿಂದ ಕೇಳಿದವರು ಈತನಕ ಯಾರೂ ಇರಲಿಲ್ಲ... ಅವನು ಬರುವ ಹೊತ್ತಿಗೆ ಅವಳು ಸುಮ್ಮನೆ ಕೂದಲು ಸರಿಮಾಡಿಕೊಳ್ಳತೊಡಗಿದಳು.

ಒಂದು ಮಧ್ಯಾಹ್ನ ಕಸೂತಿ ಮಾಡುವ ಹುಡುಗಿಯ ಪಕ್ಕ ಅವನು ಕೂತಿದ್ದ. ಅದೇ ಮೆತ್ತಗಿನ ದನಿ. "ಇದು ಹೇಗಿದೆ, ಸ್ವಲ್ಪ ಬಿಡಿಸಿ ಹೇಳಿ." ಕಣ್ಣು ಮುಚ್ಚಿತ್ತು.

ಅವಳು ಬಾಗಿಲಲ್ಲೇ ನಿಂತಳು. 'ಎಲ್ಲರ ಹತ್ತಿರವೂ ಇದೇ ಮಾತು. ನಾನೊಬ್ಬಳು ಪೆದ್ದಿ.'

ವಾಪಸು ಬಂದು ಅವನಿಟ್ಟ ಹೆಸರುಗಳನ್ನೆಲ್ಲ ಅಳಿಸಿದಳು. ಬರೀ ಕೋಡ್ ಉಳಿಸಿದಳು. ಅವನಿಗೆ ಒಂದು ಮಾತೂ ಹೇಳಲಿಲ್ಲ.

ಮುಂದಿನ ವಾರ, ಅವನು ಆರಿಸಿ ಕಳಿಸಿದ್ದ ಕೋಡ್‌ಗಳ ಪ್ರಕಾರ ಸ್ಯಾಂಪಲ್‌ಗಳು ಬಂದವು. ಕೆಂಪಿರಬೇಕಾದ ಕಾಲರ್‌ಗಳೆಲ್ಲ ಪಾಚಿ ಹಸಿರು. ಮೀಟಿಂಗಿನಲ್ಲಿ ಮಾಲಕಿ ಮೇಡಂ ಕೇಳಿದಾಗ ಅವನು ತಲೆ ತಗ್ಗಿಸಿ ಕೂತ. ಅವಳಿಗೆ ತಡೆಯಲಾಗಲಿಲ್ಲ.

"ಕಣ್ಣಿದ್ದೂ ನೋಡದೆ ಕೆಲಸ ಮಾಡಿದ್ರೆ ಹೀಗೇ ಆಗೋದು."

ಅವನು ಒಮ್ಮೆ ತಲೆ ಎತ್ತಿ ಅವಳನ್ನು ನೋಡಿದ. ಅಂದೇ ಕೆಲಸ ಬಿಟ್ಟು ಹೋದ.

ಅವನ ಸಾಮಾನು ಒಯ್ಯಲು ಬಂದವಳು ಅವನ ಅಕ್ಕ. ಮೇಜು ಖಾಲಿ ಮಾಡುತ್ತಾ ಕೇಳಿದಳು, "ಹೆಡ್‌ಮಿಸ್ ಅಂದ್ರೆ ನೀವೇನಾ? ಮನೇಲಿ ನಿಮ್ಮದೇ ಮಾತು ಅವನಿಗೆ."

"ನನ್ನದಾ?"

"ಕಣ್ಣಿನ ನರ ಸೊರಗ್ತಿದೆಯಮ್ಮ ಅವನಿಗೆ. ಮೊದಲು ಕೆಂಪು ಮಾಸ್ತು, ಈಗ ಹಸಿರೂ ಹಾಗೇ. ಬೆಳಗಿನ ಬೆಳಕಲ್ಲಿ ಕಷ್ಟಪಟ್ಟು ಗುರುತು ಹಿಡಿದು ಹೆಸರಿಟ್ಕೋತಿದ್ದ. ಗೊತ್ತಾಗ್ದೇ ಇದ್ರೆ ಎದುರಿಗೆ ಸಿಕ್ಕೋರನ್ನ ಕೇಳ್ತಿದ್ದ. ಆದ್ರೆ ನೀವು ಹೇಳಿದ್ರೆ ಮಾತ್ರ ಬಣ್ಣ ಕಂಡ ಹಾಗೇ ಆಗುತ್ತೆ ಅಂತಿದ್ದ."

ಅವಳು ಕುರ್ಚಿ ಹಿಡಿದು ಕೂತುಬಿಟ್ಟಳು. 'ಕಣ್ಣಿದ್ದೂ ನೋಡದೆ' ಎಂದಿದ್ದು ತಾನೇ.

"ಡಾಕ್ಟ್ರು ಏನಂತಾರೆ?"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವಳು ಹುಡುಕಿಕೊಂಡು ಹೋದಾಗ ಅವನು ಅಕ್ಕನ ಮನೆಯ ಮಹಡಿಯ ಮೇಲೆ ನೆರಳಲ್ಲಿ ಕೂತಿದ್ದ. ಹೆಜ್ಜೆ ಸಪ್ಪಳ ಕೇಳಿ ತಿರುಗಿದ.

"ಹೆಸರು ಅಳಿಸಿದ್ದು ನಾನು," ಎಂದಳು.

"ಗೊತ್ತಿತ್ತು."

"ಮತ್ತೆ ಮೀಟಿಂಗಲ್ಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕಣ್ಣಿನ ವಿಷಯಾನೂ ಹೇಳ್ಬೇಕಿತ್ತು. ನಿಮ್ಮೆದುರು... ಆಗ್ಲಿಲ್ಲ."

ಅವಳು ಅತ್ತಳು. ಅವನು ಅಳಲು ಬಿಟ್ಟ. ಕೆಳಗಿನ ರಸ್ತೆಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಕನಿಕರ ಪಟ್ಟು ಬಂದ್ರಾ?"

"ಕನಿಕರ ಇದ್ದಿದ್ರೆ ಹಣ್ಣು ಕಳಿಸ್ತಿದ್ದೆ. ನಾನೇ ಬಂದಿದೀನಿ. ನಿಮ್ಮನ್ನ ಬಿಟ್ಟು ಇರೋಕಾಗಲ್ಲ, ಅದಕ್ಕೆ."

ಅವನು ತನ್ನ ಅಂಗೈ ನೋಡಿಕೊಂಡ.

"ನನಗೂ ಆಗಲ್ಲ. ಹೇಳೋ ಧೈರ್ಯ ಇರ್ಲಿಲ್ಲ, ಈಗ್ಲೂ ಇಲ್ಲ. ಇನ್ನೊಂದೆರಡು ವರ್ಷಕ್ಕೆ ನಿಮ್ಮ ಮುಖಾನೂ ಕಾಣ್ದೇ ಹೋಗ್ಬಹುದು."

"ಹತ್ರ ಕೂತ್ಕೋತೀನಿ."

"ಅದೂ ಸಾಲ್ದೇ ಹೋದ್ರೆ?"

"ಇನ್ನೂ ಹತ್ರ."

ಅವನ ಕಣ್ಣು ತುಂಬಿತು. ಒರೆಸಿಕೊಳ್ಳದೆ, ಕೂತಲ್ಲೇ ಪಕ್ಕಕ್ಕೆ ಸರಿದು ಜಾಗ ಮಾಡಿದ. ಈತನಕ ಬಹುವಚನ ಬಿಟ್ಟು ಮಾತಾಡದವನು ಮೆಲ್ಲಗೆ ಹೇಳಿದ:

"ಅಲ್ಲಿ ಬಿಸಿಲು... ಈಚೆ ಬಾ."