ಹಳದಿ ಹಲ್ಲಿನ ಸಾಲು

"ಯಾರ್ರೀ ನಿಮಗೆ ಹೇಳಿದ್ದು, ನನ್ನ ಮಕ್ಕಳನ್ನ ಹೀಗೆ ಬೇರೆ ಕೂರಿಸೋಕೆ!"

ಯಲ್ದೂರಿನ ಶಾಲೆಯ ಜಗಲಿಯಲ್ಲಿ ಅಂದು ಮೊಳಗಿದ ಅನಿತ ಟೀಚರ್ ದನಿಯನ್ನು ಊರವರು ಇಂದಿಗೂ ಅನುಕರಿಸಿ ತೋರಿಸುತ್ತಾರೆ.

ಎದುರಿಗಿದ್ದವನು ಕೋಲಾರದಿಂದ ಬಂದ ದಂತವೈದ್ಯ ಅಮರನಾಥ್. ಒಸಡಿನ ರೋಗ ತರುವ ಬ್ಯಾಕ್ಟೀರಿಯಾಗಳ ಪರೀಕ್ಷೆಗೆಂದು ಹತ್ತಿಕಡ್ಡಿಯಿಂದ ಮಕ್ಕಳ ಬಾಯೊಳಗಿನ ಮಾದರಿ ತೆಗೆಯುತ್ತಿದ್ದ. ಬಿಳಿ ಹಲ್ಲಿನವರದು ಒಂದು ಸಾಲು. ಹಳದಿ ಕಲೆಯವರದು ಇನ್ನೊಂದು. ಆ ಎರಡನೆಯ ಸಾಲಿನಲ್ಲಿ ಐದನೇ ತರಗತಿಯ ಸುನಂದ ತುಟಿ ಬಿಗಿದು ಅಳುತ್ತಿದ್ದಳು. ಮೊದಲ ಸಾಲಿನಿಂದ ಯಾರೋ "ಗಲೀಜು ಬಾಯಿ" ಎಂದಿದ್ದರು.

"ಹೋಲಿಸಿ ನೋಡೋಕೆ ಮೇಡಂ..."

"ಹೋಲಿಸೋಕೆ! ಚಿಕ್ಕಂದಿನಿಂದ ನಮ್ಮ ಬೋರ್‌ವೆಲ್ಲಿನ ಫ್ಲೋರೈಡ್ ನೀರು ಕುಡಿದಿದ್ರೆ ನಿಮ್ಮ ಹಲ್ಲೂ ಹೀಗೇ ಇರ್ತಿತ್ತು!"

ಹಾಗೆನ್ನುವಾಗಲೂ ಅವಳ ಅಂಗೈ ಬಾಯಿಗೆ ಅಡ್ಡವಿತ್ತು. 'ಹುಡುಗಿ ಲಕ್ಷಣವಾಗಿದಾಳೆ, ಹಲ್ಲು ಮಾತ್ರ...' ಎಂದು ಹೆಣ್ಣು ನೋಡಲು ಬಂದ ಮುಳಬಾಗಿಲಿನ ವರನ ತಾಯಿ ಎದ್ದುಹೋದಂದಿನಿಂದ ಅಂಟಿದ ಅಭ್ಯಾಸ.

ಆ ಕೈಯನ್ನು ಅಮರನಾಥ್ ಕಂಡ. ಮಾದರಿಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಹೊರಟುಹೋದ.

ಕೆಲವು ದಿನಗಳ ನಂತರ ಫಲಿತಾಂಶ ಹಿಡಿದು ಮತ್ತೆ ಬಂದ.

"ಆ ಕೀಟಾಣುಗಳು ಎರಡೂ ಸಾಲಲ್ಲಿ ಇವೆ. ಕಲೆಗೂ ರೋಗಕ್ಕೂ ಸಂಬಂಧ ಇಲ್ಲ ಅಂತ ತೋರಿಸೋಕೇ ಬೇರೆ ಕೂರಿಸಿದ್ದು. ಸುನಂದಳ ಒಸಡು ಎಲ್ಲರಿಗಿಂತ ಚೆನ್ನಾಗಿದೆ."

ಅನಿತಳ ಸಿಟ್ಟು ಇಳಿಯಲಿಲ್ಲ, ಏರಿತು. 'ಇಷ್ಟು ಗೊತ್ತಿದ್ದೂ ಅವತ್ತು ಸುಮ್ಮನಿದ್ದನಲ್ಲ!'

"ನನಗ್ಯಾಕೆ ಹೇಳ್ತೀರಿ? ಆ ಮಗು ಅವತ್ತಿಂದ ಬಾಯಿ ತೆರೆದು ಪದ್ಯ ಹೇಳಿಲ್ಲ. ಅವಳಿಗೆ ಹೇಳಿ!"

ಅಮರನಾಥ್ ಒಳಗೆ ಹೋಗಿ ಸುನಂದಳ ಪಕ್ಕದಲ್ಲೇ ನೆಲದ ಮೇಲೆ ಕುಳಿತ. ಟಾರ್ಚು, ಹತ್ತಿಕಡ್ಡಿ ಅವಳ ಕೈಗಿತ್ತು ಬಾಯಿ ತೆರೆದ.

ಸುನಂದ ಅಂಜುತ್ತಲೇ ಒಸಡು ಒತ್ತಿದಳು.

"ಅಯ್ಯೋ ರಕ್ತ! ಟೀಚರ್, ಡಾಕ್ಟ್ರಿಗೇ ಬರ್ತಾ ಐತೆ!"

"ಹಲ್ಲು ಬಿಳಿ, ರೋಗ ಮಾತ್ರ ನನಗೇ. ನಿಮ್ಮನ್ನ ಬೇರೆ ಕೂರಿಸಿದ್ದು ತಪ್ಪಾಯ್ತು ಕಣ್ರೋ."

"ರಾತ್ರಿ ಹೊತ್ತು ಉಜ್ಜಲ್ವಾ ಸಾರ್?" ಸುನಂದ ಕೇಳಿದಳು.

ಇಡೀ ತರಗತಿ ಗೊಳ್ಳೆಂದಿತು. ಸುನಂದಳ ಹಲ್ಲುಗಳೆಲ್ಲ ಕಾಣುತ್ತಿದ್ದವು. ಅನಿತಳೂ ನಕ್ಕಳು... ಕೈ ಮೇಲೇಳಲೇ ಇಲ್ಲ!

ಮಕ್ಕಳ ಒಸಡಿನ ಚಿಕಿತ್ಸೆಯ ನೆಪದಲ್ಲಿ, ಮಾವು ಹೂಬಿಟ್ಟಾಗಿನಿಂದ ಹಣ್ಣಾಗುವವರೆಗೂ ಅವನು ಬರುತ್ತಲೇ ಇದ್ದ. ಶಾಲೆಗೆ ಬೇಸಿಗೆ ರಜೆ ಕೊಟ್ಟ ದಿನ ಗೇಟಿನ ಬಳಿ ಕೇಳಿದ:

"ಇನ್ನೂ ಕೋಪಾನಾ?"

"ಇದೆ."

"ಮನೆಗೆ ಅಮ್ಮನ್ನ ಕರ್ಕೊಂಡು ಬರಲಾ?"

ಮುಳಬಾಗಿಲಿನ ಆ ಮಾತು ಮತ್ತೆ ಅವಳ ಕಿವಿಗೆ ಬಡಿಯಿತು.

"ಬನ್ನಿ. ಆದ್ರೆ ನನ್ನ ಹಲ್ಲಿನ ಮಾತೆತ್ತಿದ್ರೆ, ನಿಮ್ಮಮ್ಮ ಅಂತಲೂ ನೋಡಲ್ಲ!"

"ಎತ್ತಲ್ಲ. ಅಮ್ಮನಿಗೆ ನೀವು ಬೈದಿದ್ದನ್ನೆಲ್ಲ ಹೇಳಿದೀನಿ. 'ಅಂಥ ಹುಡುಗೀನೇ ಬೇಕು' ಅಂದ್ರು."

"ನೀವು ಏನಂದ್ರಿ?"

"ಅವತ್ತೇ ಅಂದಿದ್ದೆ... ಮನಸ್ಸಲ್ಲಿ."