ಮಾಣಿಕ್ಯಜುಟ್ಟಿನ ಹುಂಜಕ್ಕೆ ನೆಲ ಹಾಕಿದ ಹುಲಿಗೆವ್ವ

ಬಹಳ ಹಿಂದೆ, ನದಿಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ಸೋನಗಿರಿ ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೆ ಕೋಟೆ ಇರಲಿಲ್ಲ, ಕಂದಕ ಇರಲಿಲ್ಲ. ಒಂದು ಹುಂಜ ಇತ್ತು. ಅದರ ಜುಟ್ಟು ಮಾಣಿಕ್ಯದ್ದು. ಬೆಳಗ್ಗೆ ಅದು ಕಾಲೂರಿ ನಿಂತು ಕೂಗಿದರೆ ಕೂಗು ಹನ್ನೆರಡು ಊರು ದಾಟಿ ಗಡಿ ಮುಟ್ಟುತ್ತಿತ್ತು.

ಗಡಿಯಾಚೆಯ ಕರಿಗುಡ್ಡದಲ್ಲಿ ಕುಹಕಾಂಗನೆಂಬ ಮಾಂತ್ರಿಕನಿದ್ದ. ಅವನು ದಿನಾ ಬೆಳಗ್ಗೆ ಕಲ್ಲುಮಂಜು ಬಿಡುತ್ತಿದ್ದ. ಆ ಮಂಜು ತಾಗಿದವರು ನಿಂತಲ್ಲೇ ಕಲ್ಲಾಗುತ್ತಿದ್ದರು. ಆದರೆ ಹುಂಜದ ಕೂಗು ಕೇಳಿದ ಕೂಡಲೇ ಮಂಜು ಬಾಲ ಮುದುರಿದ ನಾಯಿಯಂತೆ ಹಿಂದಕ್ಕೆ ಓಡುತ್ತಿತ್ತು. ಹೀಗೆ ಸೋನಗಿರಿ ಸುಖವಾಗಿತ್ತು.

ಒಂದು ದಿನ ಪರದೇಶದ ಶಿಲ್ಪಿಯೊಬ್ಬ ರಾಜ ಶುಭಕೀರ್ತಿಯ ಆಸ್ಥಾನಕ್ಕೆ ಬಂದ. "ಇಂಥ ಹುಂಜ ಮಣ್ಣುನೆಲದ ಗೂಡಿನಲ್ಲಿರುವುದೇ ಪ್ರಭು? ನೋಡಿದವರು ಏನಂದಾರು?" ಎಂದ. ರಾಜನಿಗೆ ನಾಚಿಕೆಯಾಯಿತು. ಶಿಲ್ಪಿ ಹೇಳಿದಂತೆ ಗೂಡಿಗೆ ಕನ್ನಡಿಯಂಥ ಅಮೃತಶಿಲೆಯ ನೆಲ ಹಾಕಿಸಿದ. ಶಿಲ್ಪಿ ನಗುತ್ತ ಹೊರಟುಹೋದ. ಅವನೇ ಕುಹಕಾಂಗ.

ನುಣುಪು ನೆಲದಲ್ಲಿ ಹುಂಜ ಜಾರಿತು, ಬಿದ್ದಿತು. ತಣ್ಣನೆ ಕಲ್ಲಿಗೆ ಒತ್ತಿ ಒತ್ತಿ ಅಂಗಾಲು ಬಾತುಕೊಂಡಿತು. ಒಂಬತ್ತನೆಯ ಬೆಳಗ್ಗೆ ಅದು ಏಳಲಿಲ್ಲ, ಕೂಗಲಿಲ್ಲ. ಮಂಜು ಬಂದು ಒಂದು ಊರನ್ನು ನುಂಗಿತು.

ರಾಜ ಬೆಳ್ಳಿಯ ತಂತಿಯ ಜಾಲರಿ ಹಾಸಿಸಿದ. ಕೊಳೆಯೆಲ್ಲ ಕೆಳಗೆ ಬಿದ್ದು ಗೂಡು ಫಳಫಳ ಹೊಳೆಯಿತು, ಆದರೆ ಬೆರಳು ಸಿಕ್ಕಿ ಅಂಗಾಲು ಸೀಳಿತು. ಎರಡನೆಯ ಊರು ಕಲ್ಲಾಯಿತು.

ಜಾಲರಿ ಕೀಳಿಸಿ ಬರಿ ಮಣ್ಣು ಬಿಟ್ಟ. ಕುಹಕಾಂಗ ಕಬ್ಬಿಣದ ಹಲ್ಲಿನ ಹೆಗ್ಗಣ ಕಳಿಸಿದ. ಅದು ನೆಲ ಕೊರೆದು ಬಂದು ಹುಂಜದ ಬಾಲ ಕಚ್ಚಿಹೋಯಿತು. ಮೂರನೆಯ ಊರೂ ಕಲ್ಲಾಯಿತು.

ಆ ಮೂರನೆಯ ಊರಲ್ಲಿ ಹುಲಿಗೆವ್ವನ ಅಕ್ಕ ಇದ್ದಳು. ಹುಲಿಗೆವ್ವ ಗಾರೆ ಕೆಲಸದವಳು. ಹನ್ನೆರಡು ಊರಲ್ಲಿ ಅವಳು ನೆಲ ಹಾಕದ ಮನೆ ಕಡಿಮೆ. ಅಕ್ಕನನ್ನು ನೋಡಲು ಗುಡ್ಡದ ಮೇಲೆ ನಿಂತಾಗ ದೂರದಿಂದ ಕಂಡಿದ್ದು ಇಷ್ಟು: ಅಂಗಳದಲ್ಲಿ ಅಕ್ಕ ಮಜ್ಜಿಗೆ ಸುರಿಯುತ್ತ ನಿಂತಿದ್ದಾಳೆ, ಚೊಂಬಿನಿಂದ ಇಳಿದ ಮಜ್ಜಿಗೆಯ ಧಾರೆಯೂ ಕಲ್ಲಾಗಿದೆ. ಹುಲಿಗೆವ್ವ ಅಳಲಿಲ್ಲ. ಗಾರೆ ಮೆತ್ತುವ ಕರಣೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ಅರಮನೆಗೆ ಬಂದಳು.

"ಪ್ರಭು, ಗೂಡಿನ ನೆಲ ನಾನು ಹಾಕುತ್ತೇನೆ."

"ದೊಡ್ಡ ದೊಡ್ಡ ಶಿಲ್ಪಿಗಳು ಸೋತರಲ್ಲ ತಾಯಿ! ನಿನಗೆ ಗೊತ್ತೇ ಎಂಥ ನೆಲ ಬೇಕೆಂದು?"

"ನನಗೆ ಗೊತ್ತಿಲ್ಲ. ನಿಲ್ಲುವವನನ್ನು ಕೇಳುತ್ತೇನೆ."

ಅವಳು ಗೂಡಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತು, ಹುಂಜದ ಕಾಲನ್ನು ಅಂಗೈಯಲ್ಲಿ ಇಟ್ಟುಕೊಂಡಳು. "ಏನಪ್ಪ, ನಿನಗೆ ಎಂಥ ನೆಲ ಬೇಕು?"

ಹುಂಜ ಬಾಯಿಬಿಟ್ಟು ಮಾತಾಡಿತು. "ಇಷ್ಟು ದಿನಕ್ಕೆ ಒಬ್ಬರು ಕೇಳಿದಿರಿ. ಅವ್ವಾ, ಕೆಳಗಿಂದ ಕಳ್ಳ ಬರಬಾರದು. ಅಡಿಯಲ್ಲಿ ಒದ್ದೆ ನಿಲ್ಲಬಾರದು. ಮತ್ತೆ, ನಾನು ಕೋಳಿ. ನನಗೆ ಕೆದಕಲು ಏನಾದರೂ ಬೇಕು."

"ಮೂರು ದಿನ ತಡೆದುಕೊಳ್ಳುತ್ತೀಯಾ?"

"ನಿಮ್ಮ ತೊಡೆಯ ಮೇಲೆ ಕೂರಿಸಿಕೊಂಡರೆ ಸಣ್ಣಗೆ ಕೂಗಬಲ್ಲೆ."

ಹಾಗೇ ಆಯಿತು. ಮೂರೂ ಬೆಳಗ್ಗೆ ಹುಂಜ ಅವಳ ತೊಡೆಯ ಮೇಲೆ ಕೂತು ಸಣ್ಣಗೆ ಕೂಗಿತು. ಮಂಜು ಹಿಂದೆ ಹೋಗಲಿಲ್ಲ, ಮುಂದೆಯೂ ಬರಲಿಲ್ಲ.

ಮೊದಲ ದಿನ ಹುಲಿಗೆವ್ವ ಮೊಳದಾಳ ಅಗೆದು, ಜಲ್ಲಿ ತುಂಬಿ, ದಿಮ್ಮಸಿನಿಂದ ಬಡಿದು, ಮೇಲೆ ಒರಟು ಚಪ್ಪಡಿ ಕೂಡಿಸಿದಳು. ಸಂದುಗಳಿಗೆ ಬೆಲ್ಲದ ನೀರಲ್ಲಿ ಅರೆದ ಸುಣ್ಣದ ಗಾರೆ ತುಂಬಿದಳು. ಮಧ್ಯಾಹ್ನ ಕಬ್ಬಿಣದ ಹಲ್ಲಿನ ಹೆಗ್ಗಣ ಬಂತು. ಜಲ್ಲಿ ಕಡಿಯಿತು, ಚಪ್ಪಡಿ ಕಡಿಯಿತು. ಕೊನೆಗೆ ಒಂದೊಂದೇ ಹಲ್ಲು ಉದುರಿ, ಬೊಚ್ಚುಬಾಯಲ್ಲಿ ಕೀಚ್ ಎನ್ನುತ್ತ ಓಡಿತು.

ಎರಡನೆಯ ದಿನ ಅವಳು ಚಪ್ಪಡಿಯ ಮೇಲೆ ಗಾರೆ ಎಳೆದು ಬಾಗಿಲ ಕಡೆಗೆ ಇಳಿಜಾರು ಕೊಟ್ಟಳು. ಎಷ್ಟು ಇಳಿಜಾರು? ಕಣ್ಣಿಗೆ ಕಾಣಬಾರದು, ನೀರಿಗೆ ಕಾಣಬೇಕು, ಅಷ್ಟು. ಕುಹಕಾಂಗ ಗೂಡಿನ ಮೇಲಷ್ಟೇ ಸುರಿಯುವ ಮೋಡವೊಂದನ್ನು ಕಳಿಸಿದ. ಅದು ಸಂಜೆಯವರೆಗೂ ಸುರಿಯಿತು. ಸುರಿದ ನೀರೆಲ್ಲ ಸರಸರನೆ ಬಾಗಿಲು ದಾಟಿ ಹರಿದುಹೋಯಿತು. ಮೋಡ ಬರಿದಾಗಿ ಹತ್ತಿಯ ಉಂಡೆಯಂತೆ ಬೇಲಿಗೆ ಸಿಕ್ಕಿಕೊಂಡಿತು.

ಮೂರನೆಯ ದಿನ ಅವಳು ಬಿಸಿಲಲ್ಲಿ ಗರಿಗರಿಯಾದ ಬತ್ತದ ಹೊಟ್ಟು ತಂದು, ಒಲೆಯ ಬೂದಿ ಬೆರೆಸಿ, ಗೇಣು ದಪ್ಪಕ್ಕೆ ಹರಡಿದಳು. ಆಗ ಒಬ್ಬ ಮುದುಕ ರೇಷ್ಮೆಯ ಜಮಖಾನೆ ಹೊತ್ತು ಬಂದ.

"ಎಂಥ ಕೈಯಮ್ಮ ನಿನ್ನದು! ಇಷ್ಟು ಒಳ್ಳೆಯ ಕೆಲಸದ ಮೇಲೆ ಹೊಟ್ಟೇ? ಇದನ್ನು ಹಾಸು. ರಾಜರು ಬಂದು ನೋಡಿದರೆ ನಿನಗೇ ಮರ್ಯಾದೆ."

ಹುಲಿಗೆವ್ವ ಬೆನ್ನು ನೆಟ್ಟಗೆ ಮಾಡಿ ನಿಂತಳು. "ಅಜ್ಜಾ, ಇಪ್ಪತ್ತು ವರ್ಷದಿಂದ ನೆಲ ಹಾಕುತ್ತಿದ್ದೇನೆ. ನಿಲ್ಲುವವರ ಕಾಲು ಹೇಳಬೇಕು ನನ್ನ ಕೆಲಸ ಹೇಗಿದೆ ಎಂದು. ನೋಡುವವರ ಕಣ್ಣಲ್ಲ. ಜಮಖಾನೆ ಎತ್ತಿಕೊಂಡು ನಡಿ."

ಮುದುಕನ ಮುಖ ಕಪ್ಪಿಟ್ಟಿತು. ಅವನು ಕುಹಕಾಂಗನೇ. ಸಿಟ್ಟಿನಿಂದ ಮಂತ್ರ ಹೇಳಿ, ಸಾಸಿವೆಯಷ್ಟು ಸಣ್ಣ ಉಣ್ಣೆಹುಳುವಾಗಿ ಹೊಟ್ಟಿನೊಳಗೆ ಹಾರಿದ. 'ಹುಂಜದ ರಕ್ತ ಹೀರಿ ಬಿಡುತ್ತೇನೆ. ಇಷ್ಟು ಹೊಟ್ಟಿನಲ್ಲಿ ನನ್ನನ್ನು ಯಾರು ಹುಡುಕುತ್ತಾರೆ?' ಎಂದುಕೊಂಡ.

ಹುಲಿಗೆವ್ವ ಥಟ್ಟನೆ ಮಂಡಿಯೂರಿದಳು. ಹೊಟ್ಟನ್ನು ಬಾಚಿ ಬಾಚಿ ನೋಡಿದಳು. ಹುಳು ಸಿಗಲಿಲ್ಲ.

"ಬಿಡಿ ಅವ್ವಾ, ಇದು ನಿಮ್ಮ ಕೆಲಸವಲ್ಲ, ನನ್ನದು," ಎಂದು ಹುಂಜ ಪಕ್ಕದ ಬುಟ್ಟಿಯಿಂದ ಇಳಿಯಿತು. ಹೊಟ್ಟಿನ ಮೇಲೆ ಒಂದು ಕಾಲಿಟ್ಟಿತು. ನೋಯಲಿಲ್ಲ. ಇನ್ನೊಂದು ಕಾಲಿಟ್ಟಿತು. ಜಾರಲಿಲ್ಲ. ಆಮೇಲೆ ಎಡಗಾಲಲ್ಲಿ ಪರಕ್, ಬಲಗಾಲಲ್ಲಿ ಪರಕ್ ಎಂದು ಕೆದಕತೊಡಗಿತು. ಅಮೃತಶಿಲೆಯಲ್ಲಿ ಕೆದಕಲಾಗಿರಲಿಲ್ಲ, ಜಾಲರಿಯಲ್ಲೂ ಆಗಿರಲಿಲ್ಲ. ಎಷ್ಟೋ ದಿನದ ಆಸೆ ಅದು! ಹೊಟ್ಟು ಎತ್ತರಕ್ಕೆ ಹಾರಿತು. ಬೂದಿ ಮೆತ್ತಿಕೊಂಡು ಉಸಿರು ಸಿಗದೆ ಉಣ್ಣೆಹುಳು ಮೇಲಕ್ಕೆ ತೆವಳಿತು.

ಟಕ್!

ಒಂದೇ ಕುಕ್ಕಿಗೆ ಕುಹಕಾಂಗ ಹುಂಜದ ಹೊಟ್ಟೆ ಸೇರಿದ.

ಹುಂಜ ಕಾಲೂರಿ ನಿಂತು, ಕತ್ತೆತ್ತಿ ಕೂಗಿತು. ಮಧ್ಯಾಹ್ನದ ಬಿಸಿಲಲ್ಲಿ ಆ ಕೂಗು ಹನ್ನೆರಡು ಊರು ದಾಟಿ, ಗಡಿ ದಾಟಿ, ಕರಿಗುಡ್ಡವನ್ನೇ ನಡುಗಿಸಿತು. ಮಂಜು ಹರಿದು ಚೂರಾಯಿತು. ಮೂರು ಊರಿನ ಜನ ಕಣ್ಣುಜ್ಜಿಕೊಂಡು ಎದ್ದರು. ಹುಲಿಗೆವ್ವನ ಅಕ್ಕನ ಚೊಂಬಿನ ಮಜ್ಜಿಗೆ ಸುರಿದು ಲೋಟ ತುಂಬಿತು.

ರಾಜ ಶುಭಕೀರ್ತಿ ಗೂಡಿಗೆ ಬಂದ. ಕಿರೀಟ ತೆಗೆದು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಹೊಟ್ಟಿನ ಮೇಲೆ ನಿಂತು ನೋಡಿದ. ಬೆಚ್ಚಗಿತ್ತು.

"ತಾಯಿ, ನನ್ನ ರಾಜ್ಯಕ್ಕೆ ಕೋಟೆಯಿಲ್ಲ ಎನ್ನುತ್ತಿದ್ದರು. ಇವತ್ತು ನೀನು ಕಟ್ಟಿದೆ. ಏನು ಬೇಕು ಕೇಳು."

"ಪ್ರಭು, ನನ್ನ ರಾಜ್ಯದಲ್ಲಿ ಯಾವ ಕೋಳಿಯೂ ಕಾಲು ನೋಯಿಸಿಕೊಂಡು ನಿಲ್ಲಬಾರದು. ಮನೆಮನೆಯ ಗೂಡಿಗೂ ಇದೇ ನೆಲ ಆಗಬೇಕು. ಅದನ್ನು ನಾನೇ ನಿಂತು ಹಾಕಿಸಬೇಕು."

ನನ್ನ ರಾಜ್ಯ ಎಂದು ಅವಳು ಅಂದದ್ದಕ್ಕೆ ರಾಜನಿಗೆ ಸಿಟ್ಟು ಬರಲಿಲ್ಲ, ಕಣ್ಣು ತುಂಬಿ ಬಂತು. "ಆಗಲಿ," ಎಂದ.

ಹುಲಿಗೆವ್ವ ಊರೂರು ತಿರುಗಿ ನೆಲ ಹಾಕಿಸಿದಳು. ಅವಳು ಹಾದುಹೋಗುವಾಗ ಜನ ಎದ್ದು ನಿಂತು, "ನಮ್ಮ ಹುಲಿಗೆವ್ವ" ಎಂದು ಮಕ್ಕಳಿಗೆ ತೋರಿಸುತ್ತಿದ್ದರು. ಹುಂಜ ನೂರು ವರ್ಷ ಕೂಗಿತು. ಸೋನಗಿರಿಯ ಜನ ಉಂಡರು, ನಕ್ಕರು, ಬೆಳಗ್ಗೆ ಬೆಳಗ್ಗೆ ಎದ್ದು ಮೊಟ್ಟೆ ಆಯ್ದುಕೊಂಡು ಸುಖವಾಗಿದ್ದರು.