ಮೆಟ್ಟಿಲ ಮೇಲೆ ಕೂತವಳು

"ಹಾಸಿಗೆ ಅಂಗಡಿ, ಅದರ ಹಿಂದಿನ ಗೋದಾಮು, ಅಂಗಡಿಯ ಹೆಸರು... ಇಷ್ಟೂ ನನ್ನ ಮಗನಿಗೆ."

ವಕೀಲ ಅಷ್ಟು ಓದಿ ನಿಲ್ಲಿಸಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಎದುರಿನ ಮೂರು ಕುರ್ಚಿಗಳಲ್ಲಿ ಅಮ್ಮ, ಅಣ್ಣ ಮತ್ತು ಅವಳು ಕೂತಿದ್ದರು. ಅವನು ಅಮ್ಮನನ್ನು ನೋಡಿದ, ಅಣ್ಣನನ್ನು ನೋಡಿದ. ಅವಳ ಕಡೆ ಮಾತ್ರ ಕಣ್ಣೆತ್ತಲಿಲ್ಲ.

"ಮಗಳಿಗೆ, ನಾನು ಮಾಡಿಸಿಟ್ಟ ಒಡವೆಗಳು."

ಅಪ್ಪನ ಉಯಿಲು ಅಷ್ಟಕ್ಕೇ ಮುಗಿಯಿತು.

ಅವಳು ಇನ್ನೂ ಏನೋ ಇದೆ ಎಂದು ಕಾದಳು. ಕಾಗದದ ಹಿಂಬದಿಯಲ್ಲಿ ಒಂದು ಸಾಲಾದರೂ ಇರಬೇಕಲ್ಲವೇ? ಶಾಲೆ ಬಿಟ್ಟ ವರ್ಷದಿಂದ ಆ ಅಂಗಡಿಯಲ್ಲಿ ಹತ್ತಿ ಹಿಂಜಿದವಳು ಅವಳು. ದಬ್ಬಳ ಹಿಡಿದು ಹಿಡಿದು ಹೆಬ್ಬೆರಳು ಗಟ್ಟಿಯಾಗಿದ್ದದ್ದು ಅವಳದು. ಅಣ್ಣನೋ, ಹತ್ತಿಯ ದೂಳಿಗೆ ಸೀನು ಬರುತ್ತದೆಂದು ಆ ಕಡೆ ತಲೆ ಹಾಕಿಯೂ ಮಲಗಿದವನಲ್ಲ.

"ಇದು ನಿಮಗೆ ಗೊತ್ತಿತ್ತು," ಎಂದಳು.

"ನಾನೇ ಬರೆದದ್ದು," ಎಂದ ಅವನು.

"ಆವತ್ತಿನಿಂದ ಗೊತ್ತಿತ್ತಾ? ಇಡೀ ಚಳಿಗಾಲ? ಇಡೀ ಬೇಸಿಗೆ?"

"ಹೂಂ."

"ದಿನಾ ಸಾಯಂಕಾಲ ನಮ್ಮ ಅಂಗಡೀಲಿ ಕೂತು ಟೀ ಕುಡೀತಿದ್ರಲ್ಲ... ಆಗೆಲ್ಲಾ?"

ಅವನು ಉಯಿಲಿನ ಕಾಗದ ಮಡಚಿದ. ಅಮ್ಮ ಅವಳ ಮೊಣಕೈ ಹಿಡಿದು ಜಗ್ಗಿದಳು. ಅಣ್ಣ ಕಿಟಕಿಯಾಚೆ ಏನೋ ಭಾರಿ ಸಂಗತಿ ನಡೆಯುತ್ತಿದೆ ಅನ್ನುವ ಹಾಗೆ ಹೊರಗೆ ನೋಡುತ್ತಿದ್ದ.

"ಯಾಕೆ ಹೇಳ್ಲಿಲ್ಲ?"

"ಹೇಳೋ ಹಾಗಿರ್ಲಿಲ್ಲ."

ಈ ವಕೀಲರ ಬಾಯಲ್ಲಿ ಬರುವ ಉತ್ತರಗಳೇ ಹಾಗೆ. ಕೇಳಿದವರಿಗೆ ಎಲ್ಲವೂ ಅರ್ಥವಾಗುತ್ತದೆ, ಯಾರ ಸಂಕಟವೂ ಕಡಿಮೆಯಾಗುವುದಿಲ್ಲ.

ಅವಳು ಎದ್ದಳು. ಮುಂದಿನ ತಿಂಗಳು ಅವಳಿಗೂ ಈ ವಕೀಲನಿಗೂ ಮದುವೆ ಎಂದು ಮಾತಾಗಿತ್ತು.

"ನಮ್ಮ ಮಾತು ಇಲ್ಲಿಗೆ ಮುಗೀತು ಅಂದ್ಕೊಳ್ಳಿ," ಎಂದು ಹೇಳಿ ಮೆಟ್ಟಿಲಿಳಿದು ಹೋದಳು.

ಆ ಮೆಟ್ಟಿಲುಗಳ ಬಗ್ಗೆ ಒಂದಿಷ್ಟು ಹೇಳಬೇಕು. ಬಣ್ಣದ ಅಂಗಡಿಯ ಮೇಲಿನ ಒಂದೇ ಕೋಣೆ ಅವನ ಆಫೀಸು. ಬಂದವರು ಕಾಯಲು ಬೇರೆ ಜಾಗವಿರಲಿಲ್ಲ, ಹಾಗಾಗಿ ಎಲ್ಲರೂ ಮೆಟ್ಟಿಲ ಮೇಲೆ ಸಾಲಾಗಿ ಕೂರುತ್ತಿದ್ದರು. ಜನ ಅವನನ್ನು ಮೆಟ್ಟಿಲ ವಕೀಲ ಅಂತಲೇ ಕರೆಯುತ್ತಿದ್ದರು. ಒಂದೇ ಕುರ್ಚಿಗೆ ಜಗಳವಾಡಿ ಬೇರೆಯಾದ ಇಬ್ಬರು ಕ್ಷೌರಿಕರು, ಗಂಡನ ಪಿಂಚಣಿಗೆ ಅಲೆದ ಮುದುಕಿ, ಬಾಡಿಗೆ ಕರಾರು ಮುಗಿದು ಕಂಗಾಲಾದ ಬೇಕರಿಯವನು, ಎಲ್ಲರ ತಲೆನೋವೂ ಆ ಕೋಣೆಗೇ ಹತ್ತಿ ಬರುತ್ತಿತ್ತು. ಒಮ್ಮೆ ವಿಚ್ಛೇದನಕ್ಕೆಂದು ಬಂದ ಗಂಡ ಹೆಂಡತಿ ಸರದಿಗಾಗಿ ಕಾದು ಕಾದು, ಇಬ್ಬರೂ ಸೇರಿ ವಕೀಲನನ್ನು ಬೈದುಕೊಳ್ಳುತ್ತಾ ಒಂದಾಗಿ ಮನೆಗೆ ಹೋಗಿದ್ದರು.

ಅವಳು ಮೊದಲ ಸಲ ಅಲ್ಲಿಗೆ ಹೋದದ್ದು ಅಂಗಡಿಯಿಂದ ಹಾಸಿಗೆ ಕೊಂಡಿದ್ದ ಹೋಟೆಲಿನವನೊಬ್ಬನ ತಕರಾರಿಗೆ. ಹಾಸಿಗೆಗಳು ಗಂಟುಗಂಟಾಗಿವೆ, ವಾಪಸ್ಸು ತಗೊಳ್ಳಿ ಎಂದು ಅವನು ಹಟ ಹಿಡಿದಿದ್ದ. ವಕೀಲ ಒಂದು ಹಾಸಿಗೆಯನ್ನು ಆಫೀಸಿಗೇ ಹೊರಿಸಿ ತಂದು ನೆಲಕ್ಕೆ ಹಾಸಿದ. "ಎಲ್ಲಿ ಗಂಟಿದೆ, ಮಲಗಿ ತೋರಿಸಿ ಸ್ವಾಮಿ," ಎಂದ. ಹೋಟೆಲಿನವನು ಗೊಣಗುತ್ತಾ ಮಲಗಿದ. ಹಾಗೇ ಗೊರಕೆ ಹೊಡೆದ.

ಅವಳಿಗೆ ನಗು ತಡೆಯಲಾಗಲಿಲ್ಲ. ಅವನಿಗೂ ಅಷ್ಟೇ. ಇಬ್ಬರೂ ಬಾಗಿಲಾಚೆ ಬಂದು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಗ ಅವನು ಅವಳ ಕೂದಲಿನಿಂದ ಒಂದು ಎಳೆ ಹತ್ತಿ ತೆಗೆದ. ತೆಗೆದ ಮೇಲೆ ಅದನ್ನೇನು ಮಾಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಅವಳು ಸೋತದ್ದು ಅಲ್ಲೇ.

ಆಮೇಲೆ ಅವನೇ ಅಪ್ಪನ ಹತ್ತಿರ ಬಂದು ಮದುವೆಯ ಮಾತೆತ್ತಿದ. ಅಪ್ಪ ಒಪ್ಪಿದರು. ಸ್ವಲ್ಪ ದಿನದಲ್ಲಿ ಅಪ್ಪನ ಆರೋಗ್ಯ ಕೆಟ್ಟಿತು. "ನಿನ್ನ ವಕೀಲನ ಹತ್ತಿರ ಕರ್ಕೊಂಡು ಹೋಗು, ಉಯಿಲು ಬರೆಸಬೇಕು," ಎಂದರು. ಅವಳೇ ಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿದಳು.

ಉಯಿಲು ಬರೆಸುವವರ ಜೊತೆ ಮನೆಯವರು ಯಾರೂ ಒಳಗಿರಕೂಡದು ಅನ್ನುವುದು ಅವನ ಪದ್ಧತಿ. ಮಗನಿರಲಿ, ಸೊಸೆಯಿರಲಿ, ಎಲ್ಲರೂ ಮೆಟ್ಟಿಲಿಗೆ.

"ನೀವು ಹೊರಗೆ ಕೂತ್ಕೊಳ್ಳಿ," ಎಂದ ಅವಳಿಗೂ.

ಸಂಜೆಯ ಹೊತ್ತು ಏಕವಚನದಲ್ಲಿ ಕರೆಯುವವನು ಈಗ ಬಹುವಚನಕ್ಕೆ ಏರಿದ್ದು ಕೇಳಿ ಅವಳಿಗೆ ಒಳಗೊಳಗೇ ನಗು. ಮೆಟ್ಟಿಲ ಮೇಲೆ ಕೂತು, ಚೀಲದಿಂದ ದಿಂಬಿನ ಗವಸು ತೆಗೆದು ಅಂಚು ಹೊಲಿದಳು. ಹೊಲಿಯುತ್ತಾ, ಅಂಗಡಿಗೆ ಹೊಸ ಕಿಟಕಿ ಎಲ್ಲಿ ಇಡಿಸುವುದು, ಗೋದಾಮಿಗೆ ಯಾವ ಬಣ್ಣ ಹೊಡೆಸುವುದು ಎಂದು ಯೋಚಿಸಿದಳು. "ಇದೆಲ್ಲಾ ನಿಂದೇ ಕಣೇ," ಎಂದು ಅಪ್ಪ ಅವಳಿಗೆ ಅದೆಷ್ಟು ಸಲ ಹೇಳಿದ್ದರೋ!

ಬಾಗಿಲು ತೆರೆದಾಗ ಅಪ್ಪ ಅವಳ ತಲೆ ಸವರಿದರು. ವಕೀಲನ ಮುಖ ಸಪ್ಪಗಿತ್ತು. ತಲೆನೋವಿರಬೇಕು ಎಂದುಕೊಂಡಳು.

ಆಮೇಲೆ ಒಂದು ಸಂಜೆ ಅವನು ಟೀ ಲೋಟ ತಿರುಗಿಸುತ್ತಾ ಹೇಳಿದ್ದ: "ನಿನ್ನ ಹೆಸರಲ್ಲೇ ಒಂದು ಸಣ್ಣ ಅಂಗಡಿ ಹಿಡಿಬಾರ್ದಾ?"

"ಇಷ್ಟು ದೊಡ್ಡದನ್ನ ಬಿಟ್ಟಾ? ನಿಮಗೇನು ತಲೆ ಕೆಟ್ಟಿದೆಯಾ?" ಎಂದು ಅವಳು ನಕ್ಕಿದ್ದಳು. ಅವನು ಮತ್ತೆ ಆ ಮಾತೆತ್ತಲಿಲ್ಲ.

ಈಗ ಆ ಮಾತು ನೆನಪಾದರೆ ಅವಳಿಗೆ ಮೈಯೆಲ್ಲಾ ಉರಿಯುತ್ತಿತ್ತು.

ಅಣ್ಣ ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.

"ನಾನೇನು ಕೇಳಿದ್ನಾ? ಅಪ್ಪ ಕೊಟ್ರು," ಎಂದ.

"ನಡೆಸ್ತೀಯಾ?"

"ನಂಗೆ ಸೀನು ಬರುತ್ತೆ, ನಿಂಗೆ ಗೊತ್ತಲ್ಲ. ಮೊಬೈಲ್ ಅಂಗಡಿಯವರು ಕೇಳ್ತಿದಾರೆ. ತಿಂಗಳ ಕೊನೆಗೆ ಖಾಲಿ ಮಾಡಿಕೊಡ್ಬೇಕು." ಸ್ವಲ್ಪ ತಡೆದು ಸೇರಿಸಿದ: "ನೀನು ಹೇಗೂ ಮದುವೆಯಾಗಿ ಹೋಗೋಳು."

"ಯಾರನ್ನ ಮದುವೆಯಾಗಿ?"

ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಅವಳು ಸುಮ್ಮನೆ ಕೂರುವ ಪೈಕಿಯವಳಲ್ಲ. ಬಸ್ ಗ್ಯಾರೇಜಿನ ಹಿಂದೆ ಒಂದು ತಗಡಿನ ಶೆಡ್ಡು ಹುಡುಕಿದಳು. ಕರಾರಿಗೆ ಊರಿನ ಆ ತುದಿಯ ಲಾಯರಮ್ಮನೊಬ್ಬರನ್ನು ಹಿಡಿದಳು. ಹಳೆಯ ಹೆಸರನ್ನು ಬಳಸುವಂತಿಲ್ಲ, ಅದೂ ಅಣ್ಣನಿಗೆ ಸೇರಿದ್ದು ಎಂದು ಲಾಯರಮ್ಮ ಹೇಳಿದಾಗ ಮಾತ್ರ ಅವಳ ಕಣ್ಣು ತುಂಬಿತು. ಆ ಬೋರ್ಡಿನ ಅಕ್ಷರಗಳಿಗೆ ಪ್ರತಿವರ್ಷ ಬಣ್ಣ ಹಚ್ಚುತ್ತಿದ್ದದ್ದೂ ಅವಳೇ.

ಒಂದು ಮಧ್ಯಾಹ್ನ, ಉಳಿದ ದಿಂಬುಗಳನ್ನು ಕಟ್ಟುತ್ತಿದ್ದಾಗ ಅಮ್ಮ ಬಾಯಿಬಿಟ್ಟಳು.

"ಅವನನ್ನ ಅಷ್ಟು ಬೈಕೋಬೇಡ ಕಣೇ. ಅವನು ಮೊದಲು ಬರೆಯಲ್ಲ ಅಂದನಂತೆ."

ಅವಳ ಕೈ ನಿಂತಿತು.

"ಯಾರು ಹೇಳಿದ್ದು?"

"ನಿಮ್ಮಪ್ಪನೇ, ಉಯಿಲು ಬರೆಸಿದ ದಿನ ಊಟಕ್ಕೆ ಕೂತಾಗ. 'ಇದು ಅನ್ಯಾಯ, ದುಡಿದೋಳು ಅವಳು' ಅಂದನಂತೆ. ಇವರು ಕೇಳಿದ್ರಂತೆ, 'ನೀನು ಅವಳನ್ನ ಕಟ್ಕೊಳ್ಳೋನು. ಅಂಗಡಿ ಅವಳಿಗೆ ಬರಲಿ ಅಂತೀಯಾ, ನಿನಗೆ ಬರಲಿ ಅಂತೀಯಾ?' ಅಂತ. ಆಮೇಲೆ ಅವನು ಉಸಿರೆತ್ತದೆ ಬರೆದುಕೊಟ್ಟನಂತೆ."

"ನನ್ನ ಮದುವೆ ಗೊತ್ತಾಗಿದೆ ಅಂತ... ಅದಕ್ಕೇ ಅಪ್ಪ ನಂಗೆ ಕೊಡ್ಲಿಲ್ವಾ?"

"ನಿನಗೆ ಅವನಿದ್ದಾನೆ, ಅಣ್ಣನಿಗೆ ಏನೂ ಇಲ್ಲ ಅಂದ್ರು."

"ನಿಂಗೂ ಗೊತ್ತಿತ್ತಲ್ಲಮ್ಮ. ನೀನೂ ಹೇಳ್ಲಿಲ್ಲ."

"ಇಬ್ಬರು ಮಕ್ಕಳೂ ದಡ ಸೇರಿದ ಹಾಗಾಯ್ತು ಅಂದ್ಕೊಂಡೆ," ಎಂದಳು ಅಮ್ಮ, ದಿಂಬನ್ನು ಎದೆಗೊತ್ತಿಕೊಂಡು.

ಅವಳು ಗೋದಾಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಯಾರಿಗಾಗಿ ಅತ್ತಳೋ ಅವಳಿಗೇ ತಿಳಿಯಲಿಲ್ಲ. ತಪ್ಪು ಮಾಡಿದವರಲ್ಲಿ ಒಬ್ಬರು ತೀರಿಕೊಂಡಿದ್ದರು, ಒಬ್ಬಳು ಹೆತ್ತವಳು. ಸಿಟ್ಟು ಮಾಡಲು ಉಳಿದಿದ್ದವನು ಅವನೊಬ್ಬನೇ. ಅವನ ಮೇಲಿನ ಸಿಟ್ಟೂ ಕೈಜಾರಿದರೆ ತನಗೆ ಉಳಿಯುವುದೇನು?

ತಿಂಗಳ ಕೊನೆಯ ದಿನ ಅವನು ಬಂದ. ಅಂಗಡಿ ಬೋಳಾಗಿತ್ತು. ಬೋರ್ಡು ಇಳಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ನಡುವೆ ಇಬ್ಬರು ಮಲಗುವಷ್ಟು ಅಗಲದ ಒಂದೇ ಒಂದು ಹಾಸಿಗೆ ಬಿದ್ದಿತ್ತು. ತಮ್ಮಿಬ್ಬರಿಗೆಂದೇ ಅವಳು ಆರಿಸಿದ ಹತ್ತಿ ತುಂಬಿ ಹೊಲಿಯುತ್ತಿದ್ದ ಹಾಸಿಗೆ ಅದು. ಒಂದು ಬದಿಯ ಹೊಲಿಗೆ ಇನ್ನೂ ಬಾಕಿಯಿತ್ತು, ದಬ್ಬಳ ಅದರಲ್ಲೇ ಚುಚ್ಚಿಕೊಂಡಿತ್ತು.

"ಯಾಕೆ ಬಂದ್ರಿ?"

"ಇವತ್ತು ಕೊನೆ ದಿನ ಅಂತ ಗೊತ್ತಾಯ್ತು."

"ಅಮ್ಮ ನಂಗೆಲ್ಲಾ ಹೇಳಿದ್ರು. ಅಪ್ಪ ನಿಮ್ಮನ್ನ ಏನು ಕೇಳಿದ್ರು ಅಂತ. ನಿಜಾನಾ?"

ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಸೊರಗಿದ್ದ. ಕೋಟಿನ ಗುಂಡಿಯೊಂದು ಜೋತಾಡುತ್ತಿತ್ತು.

"ನಿಮ್ಮ ತಂದೆ ಆ ಕೋಣೇಲಿ ಏನಂದ್ರು ಅನ್ನೋದನ್ನ ನಾನು ಇವತ್ತೂ ಹೇಳಲ್ಲ. ಅದು ಅವರದು. ನಾನು ಮಾಡಿದ್ದನ್ನ ಹೇಳ್ತೀನಿ, ಅದು ನಂದು."

"ಹೇಳಿ."

"ನಾನು ಅದನ್ನ ಬರೀಲೇಬಾರ್ದಾಗಿತ್ತು. ನಿನ್ನ ಮದುವೆಯಾಗೋನು ನಾನು. 'ಬೇರೆ ವಕೀಲರ ಹತ್ತಿರ ಹೋಗಿ' ಅಂತ ಕಳಿಸಬೇಕಿತ್ತು. ಬೇರೆ ಯಾರೇ ಆಗಿದ್ರೂ ಹಾಗೇ ಕಳಿಸ್ತಿದ್ದೆ."

"ಮತ್ತೆ ಅಪ್ಪನ್ನ ಯಾಕೆ ಕಳಿಸ್ಲಿಲ್ಲ?"

ಅವನು ಜೋತಾಡುತ್ತಿದ್ದ ಗುಂಡಿಯನ್ನು ತಿರುಗಿಸಿದ.

"ನನಗೆ ಅಂಗಡಿ ಆಸೆ ಇಲ್ಲ ಅಂತ ತೋರಿಸ್ಬೇಕಿತ್ತು. ಅಲ್ಲೇ, ಆ ಕ್ಷಣವೇ. ನನ್ನ ಮಾನ ಉಳಿಸ್ಕೊಳ್ಳೋಕೆ ನಿನ್ನ ಅಂಗಡಿ ಬರೆದುಕೊಟ್ಟೆ."

ಇಷ್ಟು ದಿನ ಅವಳು ಕಾಯುತ್ತಿದ್ದದ್ದು ಈ ಮಾತಿಗೇ. ಕಾನೂನು, ಕಟ್ಟಳೆ, ಪದ್ಧತಿ ಎಂದು ಅವನು ಇವತ್ತೂ ಅಡಗಿಕೊಂಡಿದ್ದರೆ ಬಾಗಿಲು ತೋರಿಸಲು ಅವಳು ಸಿದ್ಧಳಾಗಿದ್ದಳು.

"ಆಮೇಲೆ ನಿನ್ನ ಎದುರು ಕೂತು, ಬೇರೆ ಅಂಗಡಿ ಹಿಡಿ ಅಂತ ಅರ್ಧ ಮಾತು ಆಡಿದೆ," ಎಂದ ಅವನು. "ಅದೂ ತಪ್ಪೇ. ವಕೀಲನಾಗಿಯೂ ಪೂರ್ತಿ ಇರ್ಲಿಲ್ಲ, ನಿನ್ನವನಾಗಿಯೂ ಪೂರ್ತಿ ಇರ್ಲಿಲ್ಲ."

"ನಾನು ಆವತ್ತು ಮೆಟ್ಟಿಲ ಮೇಲೆ ಕೂತು ಕಿಟಕಿ ಎಲ್ಲಿಡ್ಲಿ ಅಂತ ಲೆಕ್ಕ ಹಾಕ್ತಿದ್ದೆ... ಗೊತ್ತಾ ನಿಮಗೆ?" ಅವಳ ದನಿ ಒಡೆಯಿತು. "ಒಳಗೆ ನೀವಿದ್ದೀರಿ ಅಂತ ಧೈರ್ಯವಾಗಿ ಕೂತಿದ್ದೆ."

"ಗೊತ್ತು. ಬಾಗಿಲು ತೆಗೆದಾಗ ನೀನು ನಗ್ತಿದ್ದೆ. ಆ ಮುಖ ನಂಗೆ ಮರೆಯೋಕೆ ಆಗಿಲ್ಲ."

ಹೊರಗೆ ಮೊಬೈಲ್ ಅಂಗಡಿಯ ಬಡಗಿ ಅಳತೆ ತೆಗೆಯಲು ಕಾಯುತ್ತಿದ್ದ.

"ನನ್ನ ಹೊಸ ಶೆಡ್ಡಿನ ಕರಾರಿಗೆ ಬೇರೆ ಲಾಯರನ್ನ ಹಿಡಿದಿದ್ದೀನಿ," ಎಂದಳು.

"ಒಳ್ಳೇದು ಮಾಡ್ದೆ."

"ಹಾಗಾಗಿ ವಕೀಲರಿಗೆ ಇಲ್ಲಿ ಏನೂ ಕೆಲಸ ಇಲ್ಲ."

"ಇಲ್ಲ," ಎಂದು ಅವನು ಹೊರಡಲು ತಿರುಗಿದ.

"ವಕೀಲರಿಗೆ ಇಲ್ಲ ಅಂದೆ. ಆ ತುದಿ ಹಿಡೀರಿ. ಒಬ್ಬಳ ಕೈಲಿ ಇದು ಏಳಲ್ಲ."

ಅವನು ಕೋಟು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬಾಗಿದ. ಇಬ್ಬರೂ ಹಾಸಿಗೆಯನ್ನು ಎತ್ತಿ ಹೊರಗೆ ನಿಂತಿದ್ದ ಕೈಗಾಡಿಗೆ ಹಾಕಿದರು. ಹೊಲಿಯದ ಬದಿಯಿಂದ ಹತ್ತಿ ಉದುರಿ ಅವನ ಅಂಗಿಯ ಮೇಲೆಲ್ಲಾ ಬಿತ್ತು, ಅವಳ ಕೂದಲಿಗೂ ಅಂಟಿತು. ಅಭ್ಯಾಸಬಲದಿಂದ ಅವನ ಕೈ ಅವಳ ತಲೆಯ ಕಡೆ ಬಂತು. ನಡುವೆ ತಡೆಯಿತು.

"ಕ್ಷಮಿಸಿದೆ ಅಂದ್ಕೋಬೇಡಿ," ಎಂದಳು ಅವಳು.

"ಇಲ್ಲ."

"ಅಂಗಡಿಯಂತೂ ವಾಪಸ್ಸು ಬರಲ್ಲ."

"ಬರಲ್ಲ."

"ಈ ಹೊಲಿಗೆ ಮುಗಿಯೋಕೆ ಇನ್ನೂ ಎಷ್ಟು ದಿನ ಹಿಡಿಯುತ್ತೋ ಗೊತ್ತಿಲ್ಲ. ಕಾಯ್ತೀರಾ?"

"ಕಾಯ್ತೀನಿ."

ಅವಳು ತಲೆಯನ್ನು ಒಂದಿಷ್ಟೇ ಅವನ ಕಡೆಗೆ ಬಗ್ಗಿಸಿದಳು. ಅವನು ಹತ್ತಿಯ ಎಳೆ ತೆಗೆದ.

"ನಾಳೆ ನಮ್ಮನೆಯವರು ಯಾರಾದ್ರೂ ನಿಮ್ಮ ಆಫೀಸಿಗೆ ಬಂದ್ರೆ?"

"ಬೇರೆ ವಕೀಲರ ಹತ್ತಿರ ಕಳಿಸ್ತೀನಿ."

"ನಾನು ಬಂದ್ರೆ?"

ಅವನು ಆ ಎಳೆಯನ್ನು ಜೇಬಿಗೆ ಹಾಕಿಕೊಂಡ.

"ಹೊರಗೆ ಕೂತ್ಕೋ ಅನ್ನಲ್ಲ," ಎಂದ.